ಅಪ್ಪನ ತೂಕ ಬರೆದಿಟ್ಟವರಿಗೆ

ಈ ಸಲ ಬನದ ಹುಣ್ಣಿಮೆಗೆ ಅಪ್ಪ ಬನಶಂಕರಿ ಜಾತ್ರೆಗೆ ಹೋಗಿಬಂದರು. ಗುಳೇದಗುಡ್ಡದಿಂದ ಅದೇನು ದೂರವೇ, ಊರಿಗೆ ಊರೇ ಹೋಗುತ್ತದೆ ಎನ್ನಬಹುದು. ಹೋದ ವರ್ಷ ಇದೇ ಹೊತ್ತಿಗೆ ಅವರು ಹಾಸಿಗೆ ಬಿಟ್ಟು ಪಡಸಾಲೆಗೆ ಬರಲೂ ಒಪ್ಪುತ್ತಿರಲಿಲ್ಲ. ಈ ಸಲ ತೇರು ನೋಡಿದರು, ನಾಟಕ ಕಂಪನಿಯ ಟೆಂಟಿನಲ್ಲಿ ಅರ್ಧ ಆಟ ಕುಳಿತರು, ಹಾಡುಗಾರಿಕೆ ಮೊದಲಿನಂತಿಲ್ಲ ಎಂದು ಗೊಣಗಿದರು. ಆ ಗೊಣಗಾಟ ಕೇಳಿ ನಮಗೆಲ್ಲ ಎಷ್ಟು ಹಿಗ್ಗಾಯಿತೆಂದರೆ, ಇದಕ್ಕೆ ಕಾರಣರಾದವರಿಗೆ ನಾಲ್ಕು ಮಾತು ಬರೆಯದಿದ್ದರೆ ಸಮಾಧಾನವಿಲ್ಲ.

ಅಪ್ಪನದು ಹೃದಯ ವೈಫಲ್ಯ. ಹೃದಯದ ಸ್ಕ್ಯಾನ್ ಆದ ಎಕೋ ಮಾಡಿದಾಗ ಪಂಪಿಂಗ್, ಅಂದರೆ ಒಂದು ಬಡಿತಕ್ಕೆ ಹೃದಯ ಹೊರದಬ್ಬುವ ರಕ್ತದ ಪಾಲು, ಶೇ. 30ಕ್ಕೆ ಇಳಿದಿತ್ತು, ಆರೋಗ್ಯವಂತರಲ್ಲಿ ಸಾಮಾನ್ಯವಾಗಿ 55ರ ಮೇಲಿರುತ್ತದೆ. ಉಪ್ಪು ಕಡಿಮೆ, ನೀರು ಅಳತೆಯಲ್ಲಿ, ದಿನವೂ ತೂಕ, ಹೊತ್ತಿಗೆ ಸರಿಯಾಗಿ ಗುಳಿಗೆ, ಕಾಲು ಬಾತರೆ ಅಥವಾ ಮಲಗಿದಾಗ ಉಸಿರು ಕಟ್ಟಿದರೆ ತಕ್ಷಣ ಆಸ್ಪತ್ರೆ: ಇವೆಲ್ಲ ಅವರಿಗೆ ಬಾಯಿಪಾಠವಾಗಿತ್ತು. ಆದರೆ ಒಂದನ್ನೂ ಮಾಡುತ್ತಿರಲಿಲ್ಲ. ನೋಡಲು ಬಂದ ಬೀಗರು ಹಟ ಎಂದರು, ಮುಪ್ಪಿನ ಸೋಮಾರಿತನ ಎಂದರು. ಬಂದವರು ಚಹಾ ಕುಡಿದು ಉಪದೇಶ ಮಾಡದೆ ಹೋದರೆ ಅದೆಂಥ ಭೇಟಿ!

ಮೊದಲ ಕೃತಜ್ಞತೆ ಬಾಗಲಕೋಟೆಯ ಆಸ್ಪತ್ರೆಯ ಆ ಸಿಸ್ಟರ್‌ಗೆ. ರಕ್ತದೊತ್ತಡದ ಪಟ್ಟಿ ಬಿಚ್ಚುತ್ತ ಅವರು, “ಕಾಕಾ, ಈ ಎರಡು ವಾರ ಯಾವುದಾದರೂ ಕೆಲಸದಲ್ಲಿ ಮನಸ್ಸು ಹತ್ತಿತೇ?” ಎಂದು ಕೇಳಿದರು. ಜೀವಮಾನವೆಲ್ಲ ಕುಣಿಮಗ್ಗದಲ್ಲಿ ಖಣ ನೇಯ್ದ ಮನುಷ್ಯ, “ಲಾಳಿಯ ಸಪ್ಪಳ ಕೇಳಿದರೂ ಬೇಸರ ಬರುತ್ತದೆ, ತಾಯಿ” ಎಂದುಬಿಟ್ಟರು. ನಮ್ಮಲ್ಲಿ ಯಾರಿಗೂ ಹೇಳದ ಮಾತು ಅದು. ದಣಿವು, ನಿದ್ದೆಗೇಡು, ಊಟ ಸೇರದಿರುವುದು ಹೃದಯದ ಕಾಯಿಲೆಯಲ್ಲೂ ಉಂಟು, ಖಿನ್ನತೆಯಲ್ಲೂ ಉಂಟು; ಒಂದರ ಮರೆಯಲ್ಲಿ ಇನ್ನೊಂದು ಕುಳಿತುಬಿಡುತ್ತದೆ. ಹೃದಯ ವೈಫಲ್ಯವಿರುವ ಐವರಲ್ಲಿ ಸುಮಾರು ಒಬ್ಬರಿಗೆ ಖಿನ್ನತೆಯೂ ಇರುತ್ತದೆ ಎಂಬುದು ನಮಗೆ ತಿಳಿದದ್ದೇ ಆಗ.

ಮನೋವೈದ್ಯರು ಬಣ್ಣದ ಮಾತು ಆಡಲಿಲ್ಲ. ಅದಕ್ಕಾಗಿಯೇ ಅವರಿಗೆ ವಿಶೇಷ ನಮಸ್ಕಾರ. ಖಿನ್ನತೆಯ ಸರ್ಟ್ರಾಲಿನ್ ಗುಳಿಗೆಯನ್ನು ಹೃದಯ ವೈಫಲ್ಯದ ರೋಗಿಗಳಿಗೆ ಕೊಟ್ಟು ನೋಡಿದ್ದಾರೆ, 2010ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಅದು ಅಪಾಯ ಮಾಡಲಿಲ್ಲ, ಆದರೆ ಔಷಧಿಯೇ ಇಲ್ಲದ ಹುಸಿಗುಳಿಗೆಗಿಂತ ಹೆಚ್ಚು ಗುಣವನ್ನೂ ತೋರಲಿಲ್ಲ ಎಂದರು. ಆಪ್ತಸಮಾಲೋಚನೆಗೇ ಹೆಚ್ಚು ಒತ್ತು ಕೊಟ್ಟರು. ಮನಸ್ಸು ತಿಳಿಯಾದರೆ ಪಥ್ಯ, ಗುಳಿಗೆ ಎಲ್ಲ ತಾನಾಗಿ ಹಾದಿಗೆ ಬರುತ್ತದಲ್ಲವೇ ಎಂದು ನನ್ನ ಅಕ್ಕ ಕೇಳಿದಳು. ಬರುತ್ತದೆಂದು ನೆಚ್ಚಿ ಕೂರಬೇಡಿ ಎಂದರು. 2015ರ ಅಮೆರಿಕದ ಅಧ್ಯಯನವೊಂದರಲ್ಲಿ ಇಂಥ ಮಾತಿನ ಚಿಕಿತ್ಸೆಯಿಂದ ಖಿನ್ನತೆ ಇಳಿಯಿತಂತೆ. ರೋಗಿ ತನ್ನ ಆರೈಕೆ ತಾನು ಮಾಡಿಕೊಳ್ಳುವುದು ಮಾತ್ರ ಸುಧಾರಿಸಲಿಲ್ಲವಂತೆ. ಅದಕ್ಕೆ ಬೇರೆಯೇ ಆಸರೆ ಬೇಕು, ಅದೂ ದಿನನಿತ್ಯ.

ಆ ಆಸರೆಯಾಗಿ ನಿಂತವರ ಹೆಸರು ಬರೆದರೆ ಅವರಿಗೇ ಸಂಕೋಚ. ಏಳನೆಯ ತರಗತಿಯ ನನ್ನ ಮಗಳು ಬೆಳಿಗ್ಗೆ ಅಜ್ಜ ಬಚ್ಚಲಿನಿಂದ ಬಂದೊಡನೆ, ಚಹಾಕ್ಕೂ ಮೊದಲು, ತೂಕದ ಯಂತ್ರದ ಮೇಲೆ ನಿಲ್ಲಿಸಿ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಅಂಕಿ ಬರೆಯುತ್ತಾಳೆ. ಮೂರು ದಿನದಲ್ಲಿ ಎರಡು ಕಿಲೋಗಿಂತ ಹೆಚ್ಚಾದರೆ ಮೈಯಲ್ಲಿ ನೀರು ನಿಂತಿರಬಹುದು, ವೈದ್ಯರಿಗೆ ಫೋನ್ ಮಾಡಬೇಕೆಂಬುದು ಅವಳಿಗೆ ಗೊತ್ತು. ಕಾರ ಹುಣ್ಣಿಮೆಯ ಮರುದಿನ ಹಾಗೇ ಆಯಿತು. ವೈದ್ಯರು ಫೋನಿನಲ್ಲೇ ನೀರಿಳಿಸುವ ಗುಳಿಗೆ ಹೆಚ್ಚಿಸಿದರು, ಆಸ್ಪತ್ರೆ ತಪ್ಪಿತು. ಅಳತೆಯ ಬಾಟಲಿ ನೋಡಿಕೊಳ್ಳುವುದು ಪಕ್ಕದ ಮನೆಯ ಮಾಮಾನ ಕೆಲಸ. ಮಜ್ಜಿಗೆಯೂ ಲೆಕ್ಕಕ್ಕೆ ಸೇರುತ್ತದೆ ಎಂದು ಅಪ್ಪನೊಡನೆ ವಾದ ಮಾಡುವಷ್ಟು ತಾಳ್ಮೆ ಅವರಿಗಿದೆ. ಇನ್ನು ಮೆಡಿಕಲ್ ಅಂಗಡಿಯ ಹುಡುಗ ತನ್ನ ವ್ಯಾಪಾರ ಬಿಟ್ಟು ನಮ್ಮನ್ನು ಉಳಿಸಿದ. ಮೊಣಕಾಲು ನೋವಿಗೆ ಕೇಳಿದ ಗುಳಿಗೆಯನ್ನು ಕೊಡಲಿಲ್ಲ, ಅದು ಮೈಯಲ್ಲಿ ನೀರು ನಿಲ್ಲಿಸುತ್ತದೆಂದ. “ಸೋಡಿಯಂ ಕಡಿಮೆ” ಎಂದು ಮಾರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ, ಕಾಕಾ ನುಂಗುವ ಹೃದಯದ ಗುಳಿಗೆಗಳ ಜೊತೆ ಅದು ರಕ್ತದಲ್ಲಿ ಏರೀತು, ಡಾಕ್ಟರನ್ನು ಕೇಳದೆ ಒಯ್ಯಬೇಡಿ ಎಂದ. ಜೋಳದ ರೊಟ್ಟಿಗೆ ಹೇಗೂ ಉಪ್ಪಿಲ್ಲ. ಜಗಳವೆಲ್ಲ ಹಪ್ಪಳ ಮತ್ತು ಕೆಂಪು ಖಾರದ್ದು.

ಸಮಾಲೋಚಕಿ ಅಪ್ಪನನ್ನು ಒಮ್ಮೆಲೇ ಮಗ್ಗಕ್ಕೆ ಇಳಿಸಲಿಲ್ಲ. ದಿನಕ್ಕೆ ಲಾಳಿಗೆ ಹಾಕುವ ನೂಲಿನ ಎರಡು ಕಂಡಿಕೆ ಸುತ್ತಿದರೆ ಸಾಕು, ಮನಸ್ಸು ಬಂದರೂ ಬರದಿದ್ದರೂ, ಎಂದರು. ಮೊದಮೊದಲು ಮುಖ ಗಂಟಿಕ್ಕಿಕೊಂಡೇ ಸುತ್ತಿದರು. ಈಗ ನನ್ನ ನೂಲಿನ ಎಳೆತ ಸರಿಯಿಲ್ಲ ಎಂದು ತಪ್ಪು ತೆಗೆಯುತ್ತಾರೆ.

ಇಂಥದೇ ಸ್ಥಿತಿಯಲ್ಲಿರುವ ಮನೆಯವರು ಯಾರನ್ನು ಕೇಳಬೇಕೆಂದು ತೋಚದಿದ್ದರೆ 14416ಕ್ಕೆ ಕರೆ ಮಾಡಿ. ಅದು 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್. ಉಚಿತ, ಕನ್ನಡದಲ್ಲೇ ಮಾತನಾಡುತ್ತಾರೆ. ಉಸಿರು ಕಟ್ಟಿದಾಗ ಮಾತ್ರ ಅದಕ್ಕಲ್ಲ, 108ಕ್ಕೆ.

ಅವ್ವನ ಬಗ್ಗೆ ಬರೆದರೆ ಬೈಯುತ್ತಾಳೆ, ಆದರೂ ಬರೆಯುತ್ತೇನೆ. ವರ್ಷವಿಡೀ ಅವಳೂ ಅಪ್ಪನ ಸಪ್ಪೆ ಸಾರನ್ನೇ ಉಂಡಳು. ನೋಡಿಕೊಳ್ಳುವವರಿಗೂ ಬಿಡುವು ಬೇಕೆಂದು ಸಮಾಲೋಚಕಿ ಹೇಳಿದ ಮೇಲೆ, ಮುಂದಿನ ವಾರ ಅವಳನ್ನು ಇಳಕಲ್ಲಿನ ತವರಿಗೆ ಕಳಿಸುತ್ತಿದ್ದೇವೆ. ಅಷ್ಟು ದಿನ ರೊಟ್ಟಿ ಬಡಿಯುವ ಸರದಿ ನನ್ನದು. ಎದೆಗಾರಿಕೆ ಇದ್ದವರು ಊಟಕ್ಕೆ ಬರಬಹುದು.