ಎರಡು ನಿಮಿಷವೂ ಇಲ್ಲದ ಹಾಡು

ಸಂಪಾದಕರೇ,

ಎಂಬತ್ತರ ದಶಕದ ಇಂಗ್ಲಿಷ್ ಹಾಡು ಅಂದ್ರೆ ಎಲ್ರೂ ದೊಡ್ಡ ಕಂಪನಿಗಳ ಹಿಟ್‌ಗಳನ್ನೇ ಬರೀತಾರೆ, ನಿಮ್ಮ ಪುರವಣಿನೂ ಅಷ್ಟೇ ಬಿಡಿ. ವೇಲ್ಸ್‌ನ ಕಾರ್ಡಿಫ್‌ನಲ್ಲಿ ಯಂಗ್ ಮಾರ್ಬಲ್ ಜೈಂಟ್ಸ್ ಅಂತ ಮೂರೇ ಜನರ ಬ್ಯಾಂಡ್ ಇತ್ತು, ಡ್ರಮ್ಮರ್ ಕೂಡ ಇರ್ಲಿಲ್ಲ, 1980ರಲ್ಲಿ ರಫ್ ಟ್ರೇಡ್ ಅನ್ನೋ ಇಂಡೀ ಲೇಬಲ್‌ನಿಂದ (ದೊಡ್ಡ ಕಂಪನಿಗಳ ಹಂಗಿಲ್ಲದ ಸ್ವತಂತ್ರ ರೆಕಾರ್ಡ್ ಕಂಪನಿ) ಅವರ 'ಫೈನಲ್ ಡೇ' ಬಂತು. ಎರಡು ನಿಮಿಷನೂ ಇಲ್ಲ, ವಿಷಯ ಮಾತ್ರ ಅಣುಯುದ್ಧದ ಕೊನೇ ದಿನ! ಹಾಡಿನುದ್ದಕ್ಕೂ ಹಿಂದೆ ಒಂದೇ ಒಂದು ಕೀರಲು ಸ್ವರ ಕಿವಿ ಹತ್ರ ಸೊಳ್ಳೆ ತರ ಗುಂಯ್ ಅಂತಾನೇ ಇರುತ್ತೆ, ಅದರ ಮೇಲೆ ಅಲಿಸನ್ ಸ್ಟ್ಯಾಟನ್ ಒಂಚೂರೂ ಅಬ್ಬರ ಇಲ್ದೆ ಹಾಡ್ಕೊಂಡು ಹೋಗ್ತಾರೆ, ಅಳು ಇಲ್ಲ ಕೂಗು ಇಲ್ಲ, ಅದೇ ಜಾಸ್ತಿ ಭಯ ಹುಟ್ಸೋದು. ಅದೇ ವರ್ಷ ಬ್ರಿಟನ್ ಸರ್ಕಾರ ಬಾಂಬ್ ಬಿದ್ರೆ ಮನೆ ಬಾಗಿಲು ಕಿತ್ತು ಗೋಡೆಗೆ ಓರೆಯಾಗಿ ನಿಲ್ಸಿ ಅದರಡಿ ಅಡಗಿ ಅಂತ ಪುಸ್ತಕನೇ ಪ್ರಿಂಟ್ ಮಾಡಿತ್ತು (ಜೋಕ್ ಅಲ್ಲ ಸಾರ್).

ಅವರ 'ಕಲಾಸಲ್ ಯೂತ್' ಆಲ್ಬಂ ನಿರ್ವಾಣ ಅನ್ನೋ ಅಮೆರಿಕದ ರಾಕ್ ಬ್ಯಾಂಡಿನ ಗಾಯಕ ಕರ್ಟ್ ಕೋಬೇನ್‌ಗೆ ಇಷ್ಟ ಅಂತ ಆಮೇಲೆ ಹೆಸ್ರಾಯ್ತು, 'ಫೈನಲ್ ಡೇ' ಮಾತ್ರ ಆವಾಗಿನ ಆ ಆಲ್ಬಂನಲ್ಲೇ ಇರ್ಲಿಲ್ಲ, ಹಂಗಾಗಿ ಸೈಡಿಗೆ ಹೋಯ್ತು ಅನ್ಸುತ್ತೆ. ಇಂಥ ಹಾಡುಗಳಿಗೂ ವಾರಕ್ಕೊಂದು ಕಾಲಂ ಕೊಡಿ, ಸಿನಿಮಾ ಗಾಸಿಪ್ ಸ್ವಲ್ಪ ಕಮ್ಮಿ ಆದ್ರೂ ಪರ್ವಾಗಿಲ್ಲ.

ಇಂತಿ,
ನಿಮ್ಮ ಓದುಗ