ಕೊಪ್ಪರಿಗೆಯ ಹತ್ತಿರ ತಣ್ಣೀರಿರಲಿ

ಕೂಸೇ,

ಈ ಸಲ ನಿಮ್ಮಲ್ಲಿ ಆಲೆಮನೆ, ನೆಂಟರ ಮಕ್ಕಳೆಲ್ಲ ಬರುತ್ತಾರೆ ಎಂದು ಬರೆದಿದ್ದೀಯ. ಮಕ್ಕಳು ಒಲೆಯ ಬಾಯಿಗೇ ಹೋಗಿ ನಿಲ್ಲುತ್ತವೆ. ಕಬ್ಬಿನಹಾಲು ಕುದಿಯುವ ಕೊಪ್ಪರಿಗೆಯ ಸುತ್ತ ಒಂದು ಮಾರು ಬಿಟ್ಟು ಅಡಿಕೆ ದಬ್ಬೆಯ ಬೇಲಿ ಕಟ್ಟಿಸು.

ಜೋನಿಬೆಲ್ಲ, ಅಂದರೆ ಗಟ್ಟಿಯಾಗದ ನೀರುಬೆಲ್ಲ, ಇಳಿಸುವ ಹೊತ್ತಿಗೆ ಪಾಕದ ಬಿಸಿ 100 ಡಿಗ್ರಿ ದಾಟಿರುತ್ತದೆ. 70 ಡಿಗ್ರಿಯ ನೀರು ಒಂದು ಸೆಕೆಂಡಿನಲ್ಲಿ ದೊಡ್ಡವರ ಚರ್ಮವನ್ನೇ ಆಳಕ್ಕೆ ಸುಡುತ್ತದೆ, ಮಕ್ಕಳ ಚರ್ಮ ಇನ್ನೂ ತೆಳು. ನೀರಾದರೆ ಹರಿದುಹೋಗುತ್ತದೆ. ಪಾಕ ಅಂಟಿಕೊಂಡು ಶಾಖವನ್ನು ಒಳಗೆ ಇಳಿಸುತ್ತಲೇ ಇರುತ್ತದೆ. ಅಂಟಿದ್ದನ್ನು ಕೀಳಬೇಡ, ಚರ್ಮವೂ ಕಿತ್ತುಬರುತ್ತದೆ. ಮೇಲಿಂದ ತಣ್ಣೀರು ಬಿಡು, ಬೆಲ್ಲ ತಾನೇ ಕರಗುತ್ತದೆ.

ಗಡಿಯಾರ ನೋಡಿಕೊಂಡು 20 ನಿಮಿಷ ನೀರು ಹರಿಯಬೇಕು. ಎರಡು ಚೊಂಬು ಹೊಯ್ದು ಬಿಟ್ಟರೆ ಮೇಲ್ಪದರ ತಣ್ಣಗಾದರೂ ಒಳಗೆ ಸುಡುವುದು ನಿಲ್ಲುವುದಿಲ್ಲ. ತಡವಾಯಿತೆಂದು ಬಿಡಬೇಡ, ಮೂರು ತಾಸಿನೊಳಗೆ ಮಾಡಿದರೂ ಉಪಯೋಗವಿದೆ. ಅಷ್ಟರಲ್ಲೇ ಬಳೆ, ಉಂಗುರ, ಕಾಲ್ಗೆಜ್ಜೆ, ಉಡಿದಾರ ತೆಗೆದುಬಿಡು. ಬಾವು ಬಂದಮೇಲೆ ಅವು ರಕ್ತ ಓಡದಂತೆ ಬಿಗಿಯುತ್ತವೆ. ಚಳಿಗಾಲವಾದ್ದರಿಂದ ಸುಡದ ಭಾಗಕ್ಕೆ ಕಂಬಳಿ ಹೊದಿಸು, ಮಗುವಿನ ಮೈ ಬೇಗ ತಣ್ಣಗಾಗುತ್ತದೆ.

ಐಸ್ ಬೇಡ, ಅದು ರಕ್ತನಾಳಗಳನ್ನು ಕುಗ್ಗಿಸಿ ಗಾಯ ಹೆಚ್ಚಿಸುತ್ತದೆ. ಅತ್ತೆಯವರು ಅಕ್ಕರೆಯಿಂದಲೇ ತುಪ್ಪ, ಅರಿಶಿನ ತರಬಹುದು, ಯಾರಾದರೂ ಟೂತ್‌ಪೇಸ್ಟ್ ತರಬಹುದು. ಮೆತ್ತಗೆ ಬೇಡವೆನ್ನು. ಹಚ್ಚಿದ್ದನ್ನೆಲ್ಲ ಆಸ್ಪತ್ರೆಯಲ್ಲಿ ಉಜ್ಜಿ ತೆಗೆಯಬೇಕಾಗುತ್ತದೆ, ಆ ನೋವು ಮಗುವಿಗೇ. ಬೊಬ್ಬೆ ಒಡೆಯದೆ, ಒಗೆದ ಹತ್ತಿಬಟ್ಟೆಯನ್ನು ಸಡಿಲವಾಗಿ ಮುಚ್ಚಿದರೆ ಸಾಕು.

ಕೆಂಪಾಗಿ ಉರಿಯುವ ಗಾಯ ಮೇಲಿನದು. ಬೊಬ್ಬೆಯೆದ್ದು ತೀರಾ ನೋಯುವುದು ಅದಕ್ಕಿಂತ ಆಳ. ಬೆಳ್ಳಗೆ ಅಥವಾ ಕಂದಾಗಿ, ತೊಗಲಿನಂತೆ ಗಡಸಾಗಿ, ಮುಟ್ಟಿದರೂ ನೋಯದಿದ್ದರೆ ಅದೇ ಎಲ್ಲಕ್ಕಿಂತ ಕೆಟ್ಟದ್ದು, ನರದ ತುದಿಗಳೇ ಸುಟ್ಟಿರುತ್ತವೆ. ಮಗು ಅಳುತ್ತಿಲ್ಲವೆಂದು ಸಮಾಧಾನ ಪಡಬೇಡ.

ಬೆರಳು ಸೇರಿ ಮಗುವಿನ ಅಂಗೈ ಅದರ ಮೈಯ ಸುಮಾರು ಶೇ. 1. ಅಂಥ ಹತ್ತು ಅಂಗೈಯಷ್ಟು ಸುಟ್ಟಿದ್ದರೆ ರಕ್ತನಾಳಗಳಿಂದ ನೀರಿನಂಶ ಸೋರಿ ರಕ್ತದೊತ್ತಡ ಕುಸಿಯಬಹುದು, ಸಲೈನ್ ಬೇಕೇಬೇಕು. ಅಷ್ಟಾಗಲಿ ಎಂದು ಕಾಯಬಾರದು. ಮುಖ, ಕೈ, ಪಾದ, ಕೀಲು, ತೊಡೆಸಂದು ಸುಟ್ಟರೆ, ಬೊಬ್ಬೆ ಮಗುವಿನ ಅಂಗೈಗಿಂತ ದೊಡ್ಡದಿದ್ದರೆ ಹೊರಟುಬಿಡಿ. ದೊಡ್ಡ ಗಾಯಕ್ಕೆ ಒಬ್ಬರು ನೀರು ಬಿಡುತ್ತಿರುವಾಗಲೇ ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಶಿರಸಿಯಲ್ಲಿ ಮೊದಲ ಚಿಕಿತ್ಸೆಯಾದರೂ, ಆಳದ ಗಾಯವಾದರೆ ಘಟ್ಟದ ಮೇಲಿನ ನಮ್ಮಂಥವರು ಹುಬ್ಬಳ್ಳಿಗೇ ಹೋಗಬೇಕಾಗಬಹುದು. ಧನುರ್ವಾಯು ಚುಚ್ಚುಮದ್ದು ಆಗಿದೆಯೇ ಎಂದು ಕೇಳುತ್ತಾರೆ, ಲಸಿಕೆ ಚೀಟಿ ಒಯ್ಯಿ.

ಮೂರು ವಾರ ಕಳೆದರೂ ಮಾಯದ ಗಾಯ ದಪ್ಪ ಕಲೆಯಾಗಿ ಎಳೆದುಕೊಳ್ಳುತ್ತದೆ, ಬೆರಳು ಮಡಚಿಕೊಂಡೇ ಉಳಿಯಬಹುದು. ಇದು ಗಾಯ ಒಣಗಿದ ಮೇಲೂ ತಿಂಗಳುಗಟ್ಟಲೆ ನಡೆಯುತ್ತದೆ. ಹೇಳಿಕೊಟ್ಟ ವ್ಯಾಯಾಮ, ರಾತ್ರಿ ಕಟ್ಟುವ ಪಟ್ಟಿ, ಇವನ್ನು ವೈದ್ಯರು ಸಾಕೆನ್ನುವ ತನಕ ಬಿಡಿಸಬಾರದು.

ನಿನ್ನ ಆಯಿ