ಗುರುತಿಲ್ಲದ ಟ್ರಾನ್ಸ್‌ಫಾರ್ಮರ್: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ನೀನು ಕಳಿಸಿದ ಟ್ರಾನ್ಸ್‌ಫಾರ್ಮರ್ ಫೋಟೋ ನೋಡಿದೆ. ಹಳೇ ವಾಲ್ವ್ ಟ್ರಾನ್ಸ್‌ಮಿಟರ್‌ನಿಂದ ಬಿಚ್ಚಿದ್ದು, ಹತ್ತು ತಂತಿ ಹೊರಗೆ, ಮೈಮೇಲೆ ಒಂದಕ್ಷರ ಇಲ್ಲ. ದಯವಿಟ್ಟು ಇದನ್ನು ಸುಮ್ನೆ ಮೇನ್ಸ್‌ಗೆ ಹಾಕಿ ನೋಡಬೇಡ.

ತಂತಿಗಳ ಬಣ್ಣ ಇನ್ನೂ ಕಾಣುತ್ತಿದ್ದರೆ ಅಲ್ಲಿಂದ ಶುರು ಮಾಡು. ಅಮೆರಿಕದ ಹಳೇ ಪದ್ಧತಿಯಲ್ಲಿ ಕಪ್ಪು ಅಂದರೆ ಪ್ರೈಮರಿ (ಮೇನ್ಸ್ ಕೊಡುವ ಕಡೆ), ಕೆಂಪು ಹೈವೋಲ್ಟೇಜ್, ಹಳದಿ ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವ ವಾಲ್ವ್) ಫಿಲಮೆಂಟ್, ಅಂದರೆ ವಾಲ್ವ್ ಕಾಯಿಸುವ ತಂತಿಗೆ ಹೋಗುವುದು, ಹಸಿರು ಉಳಿದ ವಾಲ್ವ್‌ಗಳ ಫಿಲಮೆಂಟ್. ಆದರೆ ಯಾರೋ ಮರುಸುತ್ತು ಮಾಡಿಸಿದ್ದರೆ ಈ ಲೆಕ್ಕವೆಲ್ಲ ತಲೆಕೆಳಗು. ಬಣ್ಣವನ್ನು ಪೂರ್ತಿ ನಂಬಬೇಡ.

ಆಮೇಲೆ ಮಲ್ಟಿಮೀಟರ್ ಹಿಡಿದು ಯಾವ ತಂತಿಗೆ ಯಾವುದು ಜೋಡಿ ಅಂತ ಬರೆದುಕೋ. ಫಿಲಮೆಂಟ್ ವೈಂಡಿಂಗ್ (ತಂತಿಯ ಸುರುಳಿ) ಒಂದು ಓಮ್‌ಗಿಂತ ಕಡಿಮೆ, ಪ್ರೈಮರಿ ಸಾಮಾನ್ಯವಾಗಿ ಕೆಲವು ಓಮ್, ಹೈವೋಲ್ಟೇಜ್ ಹತ್ತಾರು ಓಮ್ ಅಥವಾ ನೂರರ ಮೇಲೆ. ಸೆಂಟರ್ ಟ್ಯಾಪ್‌ನ (ವೈಂಡಿಂಗ್‌ನ ನಡುವಿನಿಂದ ತೆಗೆದ ತಂತಿ) ಎರಡೂ ಕಡೆ ಒಂದೇ ಓಮ್ ಬರಲಿಲ್ಲ ಅಂತ ಗಾಬರಿಯಾಗಬೇಡ. ಹೊರಗಿನ ಸುತ್ತುಗಳು ದೊಡ್ಡವು, ತಂತಿ ಜಾಸ್ತಿ ಬೇಕು, ಹಾಗಾಗಿ ಆ ಅರ್ಧದಲ್ಲಿ ಓಮ್ ಸ್ವಲ್ಪ ಹೆಚ್ಚು. ಅಳೆಯುವಾಗ ತಂತಿಯ ತುದಿಯನ್ನು ಬೆರಳಲ್ಲಿ ಒತ್ತಿ ಹಿಡಿಯಬೇಡ, ಕ್ರೊಕಡೈಲ್ ಕ್ಲಿಪ್ ಹಾಕು. ಮೀಟರ್ ಬಿಚ್ಚುವ ಹೊತ್ತಿಗೆ ಸುರುಳಿಯ ಕರೆಂಟ್ ತಟ್ಟನೆ ನಿಂತು ಜೋರಾಗಿ ಶಾಕ್ ಹೊಡೆಯಬಹುದು.

ಇನ್ನು ನಿಜವಾದ ಗುಟ್ಟು ಫಿಲಮೆಂಟ್‌ನಲ್ಲಿದೆ. ಹೈವೋಲ್ಟೇಜ್ ಎಷ್ಟು ಬೇಕಾದರೂ ಇರಬಹುದು, ಫಿಲಮೆಂಟ್ ಹಾಗಲ್ಲ, ಪ್ರತಿ ವಾಲ್ವ್ ಮಾದರಿಗೂ ಇಂತಿಷ್ಟೇ ಅಂತ ಗೊತ್ತಿರುತ್ತದೆ. 807 ಆದರೆ 6.3 ವೋಲ್ಟ್, 5ಯು4 ರೆಕ್ಟಿಫೈಯರ್‌ಗೆ 5, 866ಎಗೆ 2.5, 813ಕ್ಕೆ 10. ಸಣ್ಣದೊಂದು 12 ವೋಲ್ಟ್ ಟ್ರಾನ್ಸ್‌ಫಾರ್ಮರ್ ತಗೊಂಡು, ಫ್ಯೂಸ್ ಹಾಕಿ, ಪ್ರೈಮರಿ ಅಂತ ಅನುಮಾನವಿರುವ ವೈಂಡಿಂಗ್‌ಗೆ ಎಸಿ ಕೊಡು. ಉಳಿದವುಗಳಲ್ಲಿ ಏನು ಬರುತ್ತದೆ ನೋಡು. ಎರಡು ಫಿಲಮೆಂಟ್‌ಗಳಲ್ಲಿ 0.26 ಮತ್ತು 0.33 ಬಂತು ಅಂತಿಟ್ಟುಕೋ. ಆ ಎರಡರ ಅನುಪಾತ 5ಕ್ಕೆ 6.3, ಅಲ್ವಾ? 0.26 ಅನ್ನುವುದು 5ರಲ್ಲಿ ಸುಮಾರು 19ನೇ ಒಂದು ಪಾಲು, 12 ಕೂಡ ಪ್ರೈಮರಿಯ 19ನೇ ಒಂದು ಪಾಲೇ ಇರಬೇಕು. ಹಾಗಾದರೆ ಪ್ರೈಮರಿ ಸುಮಾರು 230 ವೋಲ್ಟಿನದು. ಅದರ ದುಪ್ಪಟ್ಟು ಬಂದರೆ 115ರದು. ಹೈವೋಲ್ಟೇಜ್ ತುದಿಗಳ ನಡುವೆ 73 ಬಂದರೆ, 230 ಕೊಟ್ಟಾಗ ಅಲ್ಲಿ 1400 ಇರುತ್ತದೆ, ಅಂದರೆ 700-0-700 (ಸೆಂಟರ್ ಟ್ಯಾಪ್‌ನಿಂದ ಎರಡೂ ಕಡೆ 700). ಇಷ್ಟು ಅಪಾಯದ ವೋಲ್ಟೇಜನ್ನು ಮೀಟರ್‌ಗೆ ತೋರಿಸದೇ ಕಂಡುಹಿಡಿದ ಹಾಗಾಯಿತು. ಈ ವಿಧಾನ ನನಗೆ ತುಂಬಾ ಇಷ್ಟ. ಆದರೆ ಒಂದು ಓಮ್‌ಗಿಂತ ಕಡಿಮೆ ಇರುವ ವೈಂಡಿಂಗ್‌ಗೆ ಮಾತ್ರ ಆ 12 ವೋಲ್ಟ್ ಕೊಡಲೇಬೇಡ. ಈ ಉದಾಹರಣೆಯಲ್ಲಿ ಅದು 6.3ರದಾದರೆ ಹೈವೋಲ್ಟೇಜ್ 2600 ದಾಟುತ್ತದೆ.

ಫಿಲಮೆಂಟ್ ವೈಂಡಿಂಗ್ ಒಂದೂ ಇಲ್ಲದಿದ್ದರೆ ಅದು ಬರೀ ಪ್ಲೇಟ್ ಟ್ರಾನ್ಸ್‌ಫಾರ್ಮರ್ (ವಾಲ್ವ್‌ಗೆ ಹೈವೋಲ್ಟೇಜ್ ಮಾತ್ರ ಕೊಡುವುದು) ಇರಬಹುದು, ಇಲ್ಲವೇ ಮಾಡ್ಯುಲೇಶನ್ ಟ್ರಾನ್ಸ್‌ಫಾರ್ಮರ್ (ಧ್ವನಿಯನ್ನು ರೇಡಿಯೋ ತರಂಗಕ್ಕೆ ಸೇರಿಸುವುದು). ಪ್ಲೇಟಿನದಾದರೆ ಪ್ರೈಮರಿಗೆ ವೇರಿಯಾಕ್‌ನಿಂದ (ವೋಲ್ಟೇಜ್ ಏರಿಳಿಸುವ ಟ್ರಾನ್ಸ್‌ಫಾರ್ಮರ್) ನಿಧಾನಕ್ಕೆ ಏರಿಸುತ್ತಾ ಕರೆಂಟ್ ನೋಡು, ಹೈವೋಲ್ಟೇಜ್ ತುದಿಗಳಿಂದ ದೂರ ಇರು. ಕರೆಂಟ್ ಮೆಲ್ಲಗೆ ಏರುತ್ತಾ ಒಂದು ಕಡೆ ದಿಢೀರನೆ ಜಿಗಿಯುತ್ತದೆ. ಕೋರ್ (ಒಳಗಿನ ಕಬ್ಬಿಣ) ಇನ್ನು ಹೆಚ್ಚು ಕಾಂತತೆ ಹಿಡಿಯದಷ್ಟು ತುಂಬಿತು ಅಂತ ಅರ್ಥ, ಅದಕ್ಕಿಂತ ಕೆಳಗೇ ನಿಲ್ಲಿಸು. 15 ವೋಲ್ಟ್ ಆಸುಪಾಸಿನಲ್ಲೇ ಜಿಗಿದರೆ ಅದು ವಿಮಾನದ 400 ಹರ್ಟ್ಜ್ ಮಾಲು, ನಮ್ಮ ಮೇನ್ಸ್‌ಗೆ ಬರುವುದಿಲ್ಲ. ವಾಟೇಜ್‌ಗೆ ಹೋಲಿಸಿದರೆ ಕೋರ್ ತೀರಾ ಚಿಕ್ಕದಾಗಿದ್ದರೂ ಅದೇ ಅನುಮಾನ ಪಡು.

ಮಾಡ್ಯುಲೇಶನ್‌ನದಾದರೆ ಸುತ್ತುಗಳ ಅನುಪಾತವೊಂದೇ ಸಾಕು. ಅದರ ವರ್ಗ ಇಂಪೀಡೆನ್ಸ್ (ಎಸಿಗೆ ಒಡ್ಡುವ ತಡೆ) ಅನುಪಾತ. ಸೆಕೆಂಡರಿಗೆ (ಹೊರಗೆ ಕೊಡುವ ವೈಂಡಿಂಗ್) ಲೋಡ್ ಇಲ್ಲದೆ ಅದನ್ನು ಓಡಿಸಬೇಡ, ಇನ್ಸುಲೇಶನ್ ಒಡೆದುಹೋಗುತ್ತದೆ.

ಎಲ್ಲ ಗೊತ್ತಾದ ಮೇಲೆ ವೈಂಡಿಂಗ್‌ಗಳ ನಡುವೆಯೂ ಕೋರ್‌ಗೂ ಮೆಗ್ಗರ್ (ಇನ್ಸುಲೇಶನ್ ಪರೀಕ್ಷಿಸುವ ಮೀಟರ್) ಹಚ್ಚು. ಅದು ಪಾಸಾದರೆ ಮಾತ್ರ, 60 ವಾಟ್‌ನ ಹಳೇ ಫಿಲಮೆಂಟ್ ಬಲ್ಬನ್ನು ಪ್ರೈಮರಿಗೆ ಸೀರೀಸ್ ಹಾಕಿ ಮೇನ್ಸ್ ಕೊಡು. ಬಲ್ಬ್ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ, ಆಫ್ ಮಾಡು.

ಹತ್ತು ತಂತಿಗಳ ಓಮ್ ಅಳತೆ ಮತ್ತು 12 ವೋಲ್ಟ್ ಕೊಟ್ಟಾಗ ಬಂದ ರೀಡಿಂಗ್ ಎರಡನ್ನೂ ಬರೆದು ಕಳಿಸು. ಕೋರ್‌ನ ಉದ್ದ, ಅಗಲ, ದಪ್ಪ ಕೂಡ ಬೇಕು.

ನಿನ್ನ ಗೆಳೆಯ